ಅವರೆಬೀಜದ ಮಸುಕು ಚಿತ್ರ

ನಮ್ಮ ಸೋದರಮಾವನ ಎದುರು ಅಲುಗಾಡುವುದು ಅಪರಾಧ. ಕಲ್ಲು, ಮೂಳೆ, ಬೀಜಗಳನ್ನು ಒಡೆಯದೆಯೇ ಎಕ್ಸ್‌-ರೇ ಹಾಯಿಸಿ, ಒಳಗಿನ ಕೂದಲೆಳೆಯಷ್ಟು ಬಿರುಕನ್ನೂ ತೋರಿಸುವ ಮೈಕ್ರೊ-ಸಿ.ಟಿ. ಯಂತ್ರವನ್ನು ದೂರದ ಪ್ರಯೋಗಾಲಯವೊಂದರಲ್ಲಿ ನಡೆಸುವುದು ಅವರ ನೌಕರಿ; ಇಟ್ಟದ್ದು ಕದಲಿದರೆ ಚಿತ್ರ ಮಸುಕು. ರಜೆಗೆ ಕೊಟ್ಟೂರಿಗೆ ಬರುವಾಗ ಯಂತ್ರವನ್ನು ಅಲ್ಲೇ ಬಿಟ್ಟು ಬರುತ್ತಾರೆ, ಚಾಳಿಯನ್ನಲ್ಲ. ಮದುವೆಯೊಂದರಲ್ಲಿ ಫೋಟೊಕ್ಕೆ ನಿಂತವರಿಗೆ "ಉಸಿರು ಹಿಡೀರಿ" ಎಂದರು. ಮದುಮಗನ ಅಜ್ಜ ಹಿಡಿದದ್ದನ್ನು ಬಿಡಲು ಮರೆತರು; ಅವರ ಮುಖಕ್ಕೆ ನೀರು ಚಿಮುಕಿಸಬೇಕಾಯಿತು.

ಅವರಿಗೊಂದು ಸಿದ್ಧಾಂತವಿದೆ. "ಲಗೂನ ಆಗಬೇಕು, ಕಿರಣ ಕಡಿಮಿ ಬೀಳಬೇಕು, ಚಿತ್ರ ಚೆಂದ ಬರಬೇಕು ಅಂದ್ರ ಆಗಂಗಿಲ್ಲ. ಒಂದನ್ನರ ಬಿಡಬೇಕು."

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದ ನಾನು ಇದನ್ನು ಸುಮ್ಮನೆ ಒಪ್ಪಲು ಸಾಧ್ಯವೇ? ಹರಪನಹಳ್ಳಿಯ ಮಿರ್ಚಿ ಅಂಗಡಿಯಲ್ಲಿ ಅವರನ್ನು ಹಿಡಿದೆ: "ನೋಡ್ರಿ ಮಾಮಾ, ಲಗೂನ ಬಂತು, ಸೀದಿಲ್ಲ, ಬಣ್ಣನೂ ಚೆಂದ ಐತಿ. ಮೂರೂ ಆತಲ್ಲ?"

ಮಾವ ಮಿರ್ಚಿಯನ್ನು ಉಗುರಿನಿಂದ ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದರು. "ಒಳಗ ಹಿಟ್ಟು ಹಸಿ ಐತಿ, ನೋಡಲೇ."

"ಸರ, ತಿನ್ನಾಕ ಬಂದೀರೋ, ಆಪರೇಷನ್ ಮಾಡಾಕ ಬಂದೀರೋ?" ಎಂದ ಅಂಗಡಿಯವನು.

ಮೂರರಲ್ಲಿ ಮಾವ ಎಂದೂ ಬಿಡದಿದ್ದದ್ದು ಚಿತ್ರವನ್ನು. ಎಷ್ಟು ಹೊತ್ತಾದರೂ ಸರಿ, ಎಷ್ಟು ಕಿರಣ ಸುರಿದರೂ ಸರಿ. ಮಸುಕು ಬಂದರೆ ಅಂದು ಊಟ ಬಿಡುತ್ತಿದ್ದರು.

ಹೋದ ವರ್ಷ ಮಾವನ ಹೆಂಡತಿ, ನಮ್ಮತ್ತೆ, ತೀರಿಕೊಂಡರು. ಪ್ರತಿ ಮಳೆಗಾಲ ಕೊಟ್ಟೂರಿನ ಮನೆಯ ಹಿತ್ತಲ ಚಪ್ಪರಕ್ಕೆ ಅವರೆ ಹಬ್ಬಿಸುತ್ತಿದ್ದವರು ಅವರು. ಈ ಸಲ ಬಿತ್ತೋಣವೆಂದು ಅವರ ಬೀಜದ ಡಬ್ಬಿ ತೆಗೆದರೆ ಎಲ್ಲ ಹುಳ ತಿಂದ ಹಿಟ್ಟು. ತೂತಿಲ್ಲದ ಬೀಜ ಒಂದೇ. ಮಾವ ಅದನ್ನು ಹತ್ತಿಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

"ಒಳಗೂ ಹುಳ ಐತೇನೋ, ಯಂತ್ರದಾಗ ನೋಡಿಕೊಂಡು ಬರ್ತೀನಿ."

"ಇದ್ರ ಏನು ಮಾಡ್ತೀರಿ? ಹೆಂಗೂ ಬಿತ್ತಬೇಕಲ್ಲ?" ವಾದದಲ್ಲಿ ನಾನು ಗೆದ್ದೆ. ಅವರು ಬಸ್ ಹತ್ತಿದರು.

ಮುಂದಿನ ವಾರ ತಂದು ತೋರಿಸಿದ ಚಿತ್ರದಲ್ಲಿ ಬೂದಿ ಚೆಲ್ಲಿದಂತೆ ಬರೀ ಚುಕ್ಕೆ.

"ಇದೇನು ಮಾಮಾ, ಹುಳ ಯಾವುದು, ಮೊಳಕಿ ಯಾವುದು?"

"ಗೊತ್ತಾಗ್ಲಿಲ್ಲ. ಲಗೂನ ತೆಗೆದು ಬಂದ್ ಮಾಡಿಬಿಟ್ಟೆ."

"ಇನ್ನಷ್ಟು ಹೊತ್ತು ಬಿಟ್ಟು ತೆಗೀಬೇಕಿತ್ತು ಮಾಮಾ, ಚೆಂದ ಬರ್ತಿತ್ತು."

"ಬರ್ತಿತ್ತು. ಕಿರಣ ಜಾಸ್ತಿ ಬಿದ್ದು ಒಳಗಿನ ಮೊಳಕಿಗೆ ಏನರ ಆಗಿದ್ರ?"

ಅಂದು ಅವರು ಊಟ ಬಿಡಲಿಲ್ಲ. ಬೀಜ ಬಿತ್ತಿ, ಕೈ ತೊಳೆದು, ಎರಡನೇ ರೊಟ್ಟಿ ಕೇಳಿದರು.

ಈಗ ಬಳ್ಳಿ ಚಪ್ಪರ ಮುಟ್ಟಿದೆ. ಮೊನ್ನೆ ಮೊದಲ ಹೂವಿನ ಫೋಟೊ ತೆಗೆಯಲು ಮೊಬೈಲು ಹಿಡಿದೆ. ಗಾಳಿಗೆ ಹೂವು ಒಂದು ಕಡೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿದ್ದ ಮಾವನ ಬೈಗುಳಕ್ಕೆ ಕಾಯುತ್ತ, ಬಳ್ಳಿಯನ್ನು ಹಿಡಿದು ನಿಲ್ಲಿಸಲು ಕೈ ಚಾಚಿದೆ.

ಮಾವ ನನ್ನ ಕೈ ಸರಿಸಿದರು. "ಅಲುಗಾಡ್ಲಿ ಬಿಡಲೇ," ಎಂದರು.