ತೋಟಾಗೆ ಕೊಸರಿಲ್ಲ

ದೇವರು ಬೆಟ್ಟದಷ್ಟು ಕಷ್ಟ ಕೊಡುವಾಗ ಮೊದಲೇ ಸೂಚನೆ ಕೊಡುತ್ತಾನಂತೆ. ತೊಗರಿಬೇಳೆಯಷ್ಟು ಕಷ್ಟವನ್ನು ಮಾತ್ರ ಸದ್ದಿಲ್ಲದೆ ಕೊಟ್ಟುಬಿಡುತ್ತಾನೆ. ಆಯುಧಪೂಜೆಯ ಭಾನುವಾರ ಕಡಲಾಚೆಯ ಮೌಂಟ್ ರಾಸ್ಕಿಲ್ ಬಡಾವಣೆಯ ಮೃತ್ಯುಂಜಯನಿಗೆ ಅವನು ಕೊಟ್ಟದ್ದು ಸರಿಯಾಗಿ ಅಷ್ಟೇ ಗಾತ್ರದ ಒಂದು ಗಂಧದ ಬೊಟ್ಟು.

ಮೃತ್ಯುಂಜಯ ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಪುಕೆಕೊಹೆಯ ಈರುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ಗುಣಮಟ್ಟ ನೋಡುವ ಎಂಜಿನಿಯರು. ಮೂರು ವರ್ಷದ ಹಿಂದೆ ಅದು ಹೇಗೋ ಗುರಿ ಹೊಡೆಯುವ ಹುಚ್ಚು ಹತ್ತಿ, ಲೈಸೆನ್ಸು ಮಾಡಿಸಿ, ರೈಫಲ್ ಕೊಂಡಿದ್ದ. ಹೊಡೆಯುವುದು ಕಾಗದಕ್ಕೆ ಮಾತ್ರ. ಅಂಗಡಿಯ ತೋಟಾ ಬಳಸದೆ, ಗ್ಯಾರೇಜಿನ ಮೂಲೆಯ ಮೇಜಿನ ಮೇಲೆ ತಾನೇ ಮದ್ದಿನಪುಡಿ ತೂಗಿ, ತುಂಬಿ, ಗುಂಡು ಕೂರಿಸಿ ತಯಾರಿಸುತ್ತಿದ್ದ. ಆ ಮೇಜು ಅವನ ಪಾಲಿಗೆ ಎರಡನೇ ದೇವರ ಕೋಣೆ. ಅಲ್ಲಿ ಮಾತಿಲ್ಲ, ಫೋನಿಲ್ಲ. ಮದ್ದಿನ ಅಳತೆ ಹೇಳುವ ಒಂದು ಪುಸ್ತಕ, ಒಂದು ಪುಟ್ಟ ತಕ್ಕಡಿ. ಆ ತಕ್ಕಡಿಯನ್ನು ಅವನು ಹೊಗಳಿದ ರಭಸಕ್ಕೆ ಅರ್ಧ ಮೌಂಟ್ ರಾಸ್ಕಿಲ್ ಅದನ್ನೇ ಕೊಂಡಿದ್ದರೂ ಆಶ್ಚರ್ಯವಿರಲಿಲ್ಲ.

ಹೆಂಡತಿ ಅಂಬುಜಾಳ ಕಣ್ಣು ಮಾತ್ರ ಆ ಮೇಜಿನ ಮೇಲೇ ಇತ್ತು. ಮೈಸೂರಿನಿಂದ ಹಡಗಿನಲ್ಲಿ ಬಂದ ಅವಳ ಕಲ್ಲಿನ ಗ್ರೈಂಡರು ಎಂಟು ತಿಂಗಳಿಂದ ಡಬ್ಬದೊಳಗೇ ವನವಾಸದಲ್ಲಿತ್ತು. ಬಾಡಿಗೆಮನೆಯ ಅಡುಗೆಕಟ್ಟೆ ಅದರ ಭಾರ ತಡೆಯುತ್ತಿರಲಿಲ್ಲ.

"ನೋಡ್ರೀ, ಕೊನೇ ಮಾತು," ಎಂದಿದ್ದಳು ಅಂಬುಜಾ. "ಈ ಭಾನುವಾರ ನಿಮ್ಮ ಶೂಟಿಂಗ್ ಕ್ಲಬ್ಬಿನ ಪಂದ್ಯ ಗೆದ್ದು ಶೀಲ್ಡ್ ಮೇಲೆ ನಿಮ್ಮ ಹೆಸರು ಕೆತ್ತಿಸ್ಕೊಂಡು ಬಂದ್ರೆ ಮೇಜು ನಿಮ್ದು. ಇಲ್ದಿದ್ರೆ ನನ್ನ ಗ್ರೈಂಡರ್‌ದು. ಮಿಕ್ಸೀಲಿ ರುಬ್ಬಿದ ಇಡ್ಲಿ ತಿಂದು ತಿಂದು ನನಗೆ ಸಾಕಾಗಿದೆ."

ಮೃತ್ಯುಂಜಯ ಒಪ್ಪಿದ. ಒಂದೇ ಷರತ್ತು ಹಾಕಿದ. "ಪೂಜೆ ಅಂತ ಗ್ಯಾರೇಜಿನ ಒಂದು ಸಾಮಾನೂ ಮುಟ್ಟಕೂಡದು."

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ ಅವನು ಮೇಜಿಗೆ ಕೂತ. ತಕ್ಕಡಿಯನ್ನು ಸೊನ್ನೆಗೆ ತಂದು, ತೂಕದ ಬಿಲ್ಲೆಯಿಟ್ಟು ಸರಿಯಿದೆಯೆಂದು ನೋಡಿದ. ಪುಸ್ತಕದ ಆರಂಭದ ಅಂಕಿಯ ಮೇಲೆ ಬೆರಳಿಟ್ಟು ಮೊದಲ ಅಳತೆ ತೂಗುವಷ್ಟರಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಪಕ್ಕದ ಮನೆಯ ದತ್ತಾತ್ರೇಯರು ಕಾಫಿ ಲೋಟದ ಸಮೇತ ಪ್ರತ್ಯಕ್ಷರಾದರು. ಧಾರವಾಡದವರು, ನಿವೃತ್ತರು. ಲೋಕದಲ್ಲಿ ಅವರಿಗೆ ಗೊತ್ತಿಲ್ಲದ ವಿಷಯ ಒಂದೇ, ಸುಮ್ಮನಿರುವುದು.

"ಏನ್ರೀ ಮೃತ್ಯುಂಜಯ, ಕೂಸಿಗೆ ಜ್ವರದ ಪುಡಿ ಕಟ್ಟಲಿಕ್ಕೆ ಹತ್ತೀರೇನು? ಇಷ್ಟ ಮದ್ದಿಗೆ ಗುಂಡು ಹಾರೂದಿಲ್ಲ, ಕೋಲೂರಿಕೋತ ಹೋಗ್ತದ ನೋಡ್ರಿ."

"ಪುಸ್ತಕದಲ್ಲಿ ಹೇಳಿರೋದೇ ಇಷ್ಟು, ಅಂಕಲ್."

"ಪುಸ್ತಕಾ ಬರದಾಂವ ನಮ್ಮೂರ ಸಂತಿ ನೋಡ್ಯಾನೇನು? ಸೊಪ್ಪು ಕೊಂಡ್ರ ಮ್ಯಾಲೊಂದು ಹಿಡಿ, ಅಕ್ಕಿ ಅಳದ್ರ ಮ್ಯಾಲೊಂದು ಬೊಗಸಿ. ಕೊಸರಿಲ್ಲದ ಅಳತಿ ಅಳತೀನ ಅಲ್ಲ. ಹಾಕ್ರಿ ಒಂದು ಚಿಟಿಕಿ!"

"ಕೊಸರು ಸೊಪ್ಪಿಗೆ ಅಂಕಲ್, ತೋಟಾಗಲ್ಲ. ಸೊಪ್ಪು ಹೆಚ್ಚಾದ್ರೆ ಹುಳಿ ಮಾಡಬಹುದು. ಇದು ಹೆಚ್ಚಾದ್ರೆ ನನ್ನ ಮುಖವೇ ಹುಳಿ."

ಅಷ್ಟರಲ್ಲಿ ಹೊರಗೆ ಪ್ರಕಾಶನ ಯೂಟ್, ಅಂದರೆ ಹಿಂಭಾಗ ತೆರೆದ ಪಿಕಪ್ ಗಾಡಿ, ಬಂದು ನಿಂತಿತು. ಪ್ರಕಾಶ ಶೆಡ್ಡಿನ ಸಹೋದ್ಯೋಗಿ, ಅದೇ ಕ್ಲಬ್ಬಿನವನು, ಜಿಂಕೆ ಬೇಟೆಯಲ್ಲಿ ಪಳಗಿದವನು. ಗಾಡಿಯ ಹಿಂಭಾಗದಷ್ಟೇ ವಿಶಾಲವಾದದ್ದು ಅವನ ಆತ್ಮವಿಶ್ವಾಸ.

"ಏನ್ ಸಾರ್, ಇನ್ನೂ ಬಾಲವಾಡೀಲೇ ಇದೀರಾ?" ಎಂದ ತಕ್ಕಡಿ ಇಣುಕಿ. "ನಾನು ಇದಕ್ಕಿಂತ ಎಷ್ಟೋ ಜಾಸ್ತಿ ಹಾಕ್ತೀನಿ. ಏನಾಗಿದೆ ನನಗೆ?"

"ನಿಮ್ಮ ಅಳತೆ ನಿಮ್ಮ ರೈಫಲ್ಲಿಗೆ. ಪಕ್ಕದ ಮನೆಯವರ ಬಿ.ಪಿ. ಮಾತ್ರೆ ನೀವು ನುಂಗ್ತೀರಾ ಪ್ರಕಾಶ್? ಕೆಳಗಿನ ಅಂಕಿಯಿಂದ ಶುರು ಮಾಡಬೇಕು, ಒಂದೊಂದೇ ಮೆಟ್ಟಿಲು ಹತ್ತಬೇಕು, ರೈಫಲ್ಲು ಸಾಕು ಅಂದ ಕಡೆ ನಿಲ್ಲಬೇಕು. ಅಷ್ಟೇ."

"ರೈಫಲ್ ಯಾವಾಗ್ರೀ ಮಾತಾಡ್ತದ?" ಎಂದರು ದತ್ತಾತ್ರೇಯರು.

"ಮಾತಾಡುತ್ತೆ ಅಂಕಲ್. ಕೇಳೋ ಕಿವಿ ಬೇಕು."

ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ನಿಂತು ಕೊಸರು ಕೊಸರು ಎಂದು ಜಪಿಸಿದರು. ಮೃತ್ಯುಂಜಯ ಹಲ್ಲು ಕಚ್ಚಿ, ಒಂದು ಕಾಳೂ ಹೆಚ್ಚಿಸದೆ ಇಪ್ಪತ್ತು ತೋಟಾ ತುಂಬಿದ. ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಬಿಲ್ಲೆಯಿಟ್ಟು ತಕ್ಕಡಿ ಪರೀಕ್ಷಿಸುವುದು ಅವನ ಪದ್ಧತಿ. ಆದರೆ ಪ್ರಕಾಶ ಹಾರ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. "ಲೇಟಾಯ್ತು ಸಾರ್!" ಮೃತ್ಯುಂಜಯ ಮದ್ದಿಗೆ ಬೀಗ ಹಾಕಿ, ರೈಫಲ್ಲೆತ್ತಿಕೊಂಡು ಓಡಿದ.

ಪುಕೆಕೊಹೆ ದಾಟಿದರೆ ಕೆಂಪು ಮಣ್ಣಿನ ಹೊಲಗಳ ಆಚೆ, ಗುಡ್ಡದ ಮಡಿಲಲ್ಲಿ ಕ್ಲಬ್ಬು. ದಕ್ಷಿಣಾರ್ಧಗೋಳವಾದ್ದರಿಂದ ದಸರೆಗೆ ವಸಂತದ ಬಿಸಿಲು. ಗೋಡೆಯ ಮೇಲೆ ಶೀಲ್ಡು ದೇವರ ಪ್ರಭಾವಳಿಯಂತೆ ಹೊಳೆಯುತ್ತಿತ್ತು. ಮೃತ್ಯುಂಜಯನ ಸರದಿಗೆ ಐದು ನಿಮಿಷವಿತ್ತು. ಫೋನು ಬಂದ್ ಮಾಡೋಣವೆಂದು ತೆಗೆದರೆ ಅಂಬುಜಾ ಬೆಳಿಗ್ಗೆಯೇ ಕಳಿಸಿದ ವಾಟ್ಸಾಪ್ ಬಂದು ಕೂತಿತ್ತು. "ನಮ್ಮನೆ ಆಯುಧಗಳು" ಎಂಬ ಒಕ್ಕಣೆ, ಕೆಳಗೊಂದು ಚಿತ್ರ. ಈಳಿಗೆಮಣೆ, ಸ್ಕ್ರೂಡ್ರೈವರು, ಕಾರಿನ ಕೀಲಿ. ಅವುಗಳ ನಡುವೆ ಪುಟ್ಟ ತಕ್ಕಡಿ! ಅದರ ಬಟ್ಟಲನ್ನು ಬೋರಲು ಹಾಕಿ, ಬೆನ್ನಿನ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ಎರಡು ಅಕ್ಷತೆ.

ಮೃತ್ಯುಂಜಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ತಾನು ಸ್ನಾನಕ್ಕೆ ಹೋದಾಗ ಅವಳು ಪೂಜೆ ಮುಗಿಸಿ ತಕ್ಕಡಿಯನ್ನು ಮೇಜಿಗೆ ಮರಳಿಸಿರಬೇಕು. ತಾನು ಅದನ್ನು ಸೊನ್ನೆಗೆ ತಂದಾಗ ಗಂಧ ಹಸಿಯಾಗಿದ್ದಿರಬೇಕು. ಕಿಟಕಿಯ ಬಿಸಿಲಿಗೆ ಅದು ಒಣಗಿದೆ, ಉದುರಿದೆ. ಗಂಧ ಹಗುರಾದಷ್ಟೂ ಮದ್ದು ಹೆಚ್ಚು ಬಿದ್ದಿದೆ. ತಾನು ಹಾಕದ ಕೊಸರನ್ನು ದೇವರೇ ಹಾಕಿಬಿಟ್ಟಿದ್ದಾನೆ. ಎಷ್ಟು? ಗೊತ್ತಿಲ್ಲ. ಮದ್ದಿನ ಪುಸ್ತಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಅದೇ, ಗೊತ್ತಿಲ್ಲ. ಮನೆಗೆ ಫೋನು ಮಾಡಿದ. ಅಂಬುಜಾ ಎತ್ತಲಿಲ್ಲ.

"ಹೊಡೀರಿ ಸಾರ್," ಎಂದ ಪ್ರಕಾಶ ವಿಷಯ ಕೇಳಿ. "ಒಂದು ಬೊಟ್ಟು ಗಂಧ ಎಷ್ಟು ತೂಗುತ್ತೆ? ನೀವು ಹಾಕಿರೋದೇ ಕಮ್ಮಿ. ಭಯ ಇದ್ರೆ ನನ್ನ ತೋಟಾ ತಗೊಳ್ಳಿ, ಒಂದೇ ಸೈಜು."

"ನಿಮ್ದೂ ಬೇಡ, ನಂದೂ ಬೇಡ. ಎಷ್ಟು ಹಾಕಿದೆ ಅಂತ ಎದೆ ಮುಟ್ಟಿ ಹೇಳಕ್ಕಾಗದ ತೋಟಾ ನಾನು ಹೊಡೆಯಲ್ಲ."

"ಶೀಲ್ಡ್ ಹೋಗುತ್ತೆ ಸಾರ್!"

"ಹೋಗಲಿ."

"ಮೇಜು?"

ಮೃತ್ಯುಂಜಯ ಒಂದು ಕ್ಷಣ ಕಣ್ಣು ಮುಚ್ಚಿದ. ತಿರುಪತಿಯಲ್ಲಿ ಮುಡಿ ಕೊಡುವವನಂತೆ ತಲೆ ತಗ್ಗಿಸಿ, "ಅದೂ ಹೋಗಲಿ," ಎಂದ.

ನೆಟ್ಟಗೆ ಗುಂಡು ಹೊಡೆಯುವ ರೇಂಜಿನ ಉಸ್ತುವಾರಿಯ ಬಿಳಿಗೂದಲಿನ ಅಜ್ಜಿಯ ಬಳಿ ಹೋಗಿ ಹೆಸರು ಹಿಂತೆಗೆದುಕೊಂಡ. ಅಪ್ಪಣೆ ಪಡೆದು, ದೂರದ ಸಿಮೆಂಟು ಮೆಟ್ಟಿಲ ಮೇಲೆ ಕೂತು, ತೋಟಾವನ್ನು ತಲೆಯೊಳಗೆ ಸಿಕ್ಕಿಸಿ ನೆಲಕ್ಕೆ ಕುಟ್ಟಿ ಗುಂಡು ಕೀಳುವ ಸುತ್ತಿಗೆಯಿಂದ ಒಂದೊಂದೇ ತೋಟಾ ಬಿಚ್ಚತೊಡಗಿದ. ಟಕ್. ಟಕ್. ಇಡೀ ಕ್ಲಬ್ಬು ತಿರುಗಿ ನೋಡಿತು. ಯಾರೋ ನಕ್ಕರು. ಮೃತ್ಯುಂಜಯ ಹಬ್ಬಕ್ಕೆ ತೆಂಗಿನಕಾಯಿ ಒಡೆಯುವವನ ಗಾಂಭೀರ್ಯದಲ್ಲಿ ಇನ್ನೊಂದು ಟಕ್ ಎನ್ನಿಸಿದ.

ಅಷ್ಟರಲ್ಲಿ ಪ್ರಕಾಶನ ಸರದಿ. ಮೊದಲ ಗುಂಡು ನಡುಮಧ್ಯಕ್ಕೆ, ಎರಡನೆಯದೂ ನಡುಮಧ್ಯಕ್ಕೆ. ಆದರೆ ಪ್ರತಿ ಸಲವೂ ಅವನು ರೈಫಲ್ಲಿನ ಬೋಲ್ಟಿನ ಹಿಡಿಯನ್ನು ಅಂಗೈಯಿಂದ ಗುದ್ದಿ ಗುದ್ದಿ ತೆರೆಯುತ್ತಿದ್ದ. ಮೃತ್ಯುಂಜಯನ ಕಿವಿ ನೆಟ್ಟಗಾಯಿತು. ಮದ್ದು ಹೆಚ್ಚಾದರೆ ಬೋಲ್ಟು ಹೀಗೇ ಕಚ್ಚಿಕೊಳ್ಳುತ್ತದೆ, ರೈಫಲ್ಲು ಸಾಕು ಎನ್ನುತ್ತಿತ್ತು. ಎದ್ದು ಹೋಗಿ ಅಜ್ಜಿಯ ಕಿವಿಯಲ್ಲಿ ಹೇಳಿದ. ಅವಳು ಕೈಯೆತ್ತಿ ಎಲ್ಲವನ್ನೂ ನಿಲ್ಲಿಸಿದಳು. ಪ್ರಕಾಶನ ಖಾಲಿ ತೋಟಾವನ್ನು ಬೆಳಕಿಗೆ ಹಿಡಿದು ನೋಡಿ, "ನಿನಗಿವತ್ತು ಇಷ್ಟೇ, ಮಗಾ," ಎಂದು ಅವನ ಡಬ್ಬಿ ಮುಚ್ಚಿಸಿದಳು. ಮೃತ್ಯುಂಜಯನ ಬೆನ್ನನ್ನು ಶಹಬ್ಬಾಸ್ ಎನ್ನುವಂತೆ ತಟ್ಟಿ, "ಗುಡ್ ಆನ್ ಯೂ, ಮೇಟ್," ಎಂದಳು. ಶೀಲ್ಡು ಒಬ್ಬ ಶಾಲಾ ಮೇಷ್ಟ್ರ ಪಾಲಾಯಿತು. "ಗುಡ್ ಆನ್ ಯೂ" ಅನ್ನು ಯಾವ ಶೀಲ್ಡಿನ ಮೇಲೂ ಕೆತ್ತುವುದಿಲ್ಲ.

ವಾಪಸು ಬರುವಾಗ ಯೂಟಿನಲ್ಲಿ ಪ್ರಕಾಶ ಒಂದೇ ಮಾತಾಡಿದ. "ನಾನು ನಿಮ್ಮನ್ನ ಕರ್ಕೊಂಡು ಹೋಗಿದ್ದೇ ತಪ್ಪು ಸಾರ್."

"ಬೋಲ್ಟ್ ಬಿಗಿ ಹಿಡೀತಿದ್ದದ್ದು ನಿಜ ತಾನೇ?"

ಪ್ರಕಾಶ ಗೇರು ಬದಲಿಸಿದ.

ಮನೆಗೆ ಬಂದರೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಮಲ್ಲಿಗೆ ಮುಡಿದ ಗ್ರೈಂಡರು ಪಟ್ಟದಾನೆಯಂತೆ ನಿಂತಿತ್ತು. ಅದನ್ನು ಡಬ್ಬದಿಂದ ಎತ್ತಿಕೊಟ್ಟ ದತ್ತಾತ್ರೇಯರು ಸೊಂಟ ಹಿಡಿದುಕೊಂಡು ಕೂತಿದ್ದರು.

"ಪ್ರಕಾಶ್ ಹೆಂಡ್ತಿ ಫೋನ್ ಮಾಡಿದ್ರು," ಎಂದಳು ಅಂಬುಜಾ. "ಹೊಡೀಲೇ ಇಲ್ವಂತೆ?"

"ನೀನು ನನ್ನ ತಕ್ಕಡಿಗೆ ಗಂಧ ಹಚ್ಚಿದ್ರೆ ಹೇಗೆ ಹೊಡೀಲಿ? ಮುಟ್ಟಬೇಡ ಅಂದಿದ್ದೆ!"

ಅಂಬುಜಾ ಕಣ್ಣರಳಿಸಿದಳು. "ನಿಮ್ದನ್ನ ಯಾರ್ರೀ ಮುಟ್ಟಿದ್ರು? ಅದು ನಂದು! ಪ್ರಪಂಚದಲ್ಲೇ ಇಂಥ ತಕ್ಕಡಿ ಇಲ್ಲ ಅಂತ ನೀವೇ ವರ್ಷಗಟ್ಟಲೆ ಹೇಳಿದ್ರಲ್ಲ, ಕೇಸರಿ ತೂಗಕ್ಕೆ ಅಂತ ಅದನ್ನೇ ತರಿಸ್ಕೊಂಡೆ. ನಿಮ್ದು ಅಗೋ, ರಟ್ಟಿನ ಡಬ್ಬದಲ್ಲಿ ಹಾಕಿಟ್ಟಿದೀನಿ."

ಮೃತ್ಯುಂಜಯ ಡಬ್ಬದಿಂದ ತನ್ನ ತಕ್ಕಡಿ ತೆಗೆದು ಬಟ್ಟಲನ್ನು ತಿರುಗಿಸಿ ನೋಡಿದ. ಬೋಳು. ವಿಧವೆಯ ಹಣೆಗಿಂತ ಬೋಳು. ಬಿಲ್ಲೆಯಿಟ್ಟ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಿಚ್ಚಿ ಚೆಲ್ಲಿದ ಇಪ್ಪತ್ತೂ ತೋಟಾ ಅಚ್ಚುಕಟ್ಟಾಗಿದ್ದವು.

ದತ್ತಾತ್ರೇಯರು ಸೊಂಟನೋವು ಮರೆತು ನಕ್ಕರು. "ಅಲ್ರೀ, ಇಲ್ಲದ ಗಂಧಕ್ಕ ಇದ್ದ ಶೀಲ್ಡು ಬಿಟ್ರಿ?"

"ಬಿಟ್ಟೆ," ಎಂದ ಮೃತ್ಯುಂಜಯ ಎದೆಯುಬ್ಬಿಸಿ. "ನಾಳೇನೂ ಬಿಡ್ತೀನಿ. ಸಂಶಯ ಬಂದ ತೋಟಾ ಹೊಡೆಯೋನು ನಾನಲ್ಲ."

"ಆಯ್ತು, ಸರೀರಿ ಆಕಡೆ. ಹಿಟ್ಟು ರುಬ್ಬಬೇಕು," ಎಂದಳು ಅಂಬುಜಾ.

ಮೃತ್ಯುಂಜಯ ಸರಿಯಲಿಲ್ಲ. ಗ್ರೈಂಡರಿನ ಕೈಪಿಡಿಯನ್ನು ತೆಗೆದು ಗಟ್ಟಿಯಾಗಿ ಓದಿದ. "ಬೇಳೆ ಈ ಗೆರೆ ಮೀರಬಾರದು. ನೀನು ಆಗಲೇ ಗೆರೆಗೆ ಬಂದಿದೀಯ."

"ಹಬ್ಬದ ದಿನ ಎಂಥಾ ಗೆರಿರೀ!" ಎಂದರು ದತ್ತಾತ್ರೇಯರು. "ವೈನಿ, ನಮ್ಮನಿಗೂ ಒಂದೀಟು ಬೇಕು. ಹಾಕ್ರಿ ಕೊಸರು!"

ಅಂಬುಜಾ ಗಂಡನ ಮುಖವನ್ನೇ ನೋಡುತ್ತ ನೆನೆದ ಉದ್ದಿನಬೇಳೆ ಇನ್ನೊಂದು ಪಾವು ಸುರಿದು ಗುಂಡಿ ಒತ್ತಿದಳು. ಕಲ್ಲು ತಿರುಗಿತು. ಹಿಟ್ಟು ಉಬ್ಬಿತು, ಇನ್ನೂ ಉಬ್ಬಿತು, ಮುಚ್ಚಳ ಒಮ್ಮೆ ನಡುಗಿತು. ಆಮೇಲೆ ಪಟ್ಟೆಂದು ಹಾರಿತು. ದತ್ತಾತ್ರೇಯರ ಕಾಫಿ, ಗ್ಯಾರೇಜಿನ ಸೂರು, ಅಂಬುಜಾಳ ರೇಷ್ಮೆ ಸೀರೆ, ಯಾವುದಕ್ಕೂ ಭೇದವೆಣಿಸದೆ ಅಭಿಷೇಕವಾಯಿತು.

ಮೃತ್ಯುಂಜಯ ಹುಬ್ಬಿನ ಮೇಲಿನ ಹಿಟ್ಟನ್ನು ಒರೆಸಿಕೊಂಡು ಕೈಪಿಡಿ ಮಡಚಿದ. ಇಡೀ ದಿನದಲ್ಲಿ ಅವನು ಗೆದ್ದದ್ದು ಆ ಕ್ಷಣ ಒಂದೇ. ಅದೂ ಬಹಳ ಹೊತ್ತು ಉಳಿಯಲಿಲ್ಲ.

"ಒಪ್ಪಿದೆ ಕಣ್ರೀ," ಎಂದಳು ಅಂಬುಜಾ ಸೆರಗು ಹಿಂಡುತ್ತ. "ಅಳತೆ ಅಂದ್ರೆ ನೀವೇ. ಇನ್ಮೇಲೆ ಈ ಮೇಜಿಗೆ ನಾನು ಕೈ ಹಚ್ಚಲ್ಲ, ನಿಮಗೇ ಬಿಟ್ಟೆ. ಮೊದಲು ಸೂರು ಒರೆಸಿಬಿಡಿ."

ಅಂದಿನಿಂದ ಪ್ರತಿ ಶನಿವಾರ ಸಂಜೆ ಆ ಮೇಜಿನ ಮುಂದೆ ಮೃತ್ಯುಂಜಯನೇ ಕೂರುತ್ತಾನೆ. ಮಾತಿಲ್ಲ, ಫೋನಿಲ್ಲ. ಮೊದಲು ಬಿಲ್ಲೆಯಿಟ್ಟು ತಕ್ಕಡಿ ನೋಡುತ್ತಾನೆ, ಕೊನೆಗೂ ನೋಡುತ್ತಾನೆ. ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತ ದತ್ತಾತ್ರೇಯರು ಎಷ್ಟೇ ಕೂಗಿದರೂ ಗೆರೆ ಮೀರಿ ಒಂದು ಕಾಳೂ ಬೀಳುವುದಿಲ್ಲ. ಅವನು ತೂಗುವುದು ಮಾತ್ರ ಉದ್ದಿನಬೇಳೆ.