ಲೈಸೆನ್ಸು ಇದ್ದ ಕಿವಿ

ಸರ್ಕಾರಿ ನೌಕರಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅನುಭವಿಸಿದವನಿಗೆ ಅಳು, ಕೇಳಿದವನಿಗೆ ನಗು. ಇಲ್ಲಿ ಅನುಭವಿಸಿದವನೂ ನಾನೇ, ಹೇಳುತ್ತಿರುವವನೂ ನಾನೇ ಆದ್ದರಿಂದ ಯಾವುದು ಬೇಕೋ ಅದನ್ನು ನೀವೇ ಆರಿಸಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಗುಮಾಸ್ತನಾಗಿ ಸವೆದವನು ನಾನು. ಯಾವ ಇಲಾಖೆ, ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಪೆನ್ಷನ್ ಬರುತ್ತಿದೆ, ಬರುತ್ತಲೇ ಇರಲಿ.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೋಟೆ ಕಡೆಯ ಒಂದು ಕಚೇರಿಯಲ್ಲಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ವಿಷಮಶೀತ ಜ್ವರ ಹೋಗುವಾಗ ನನ್ನ ಎರಡು ಕಿವಿಗಳನ್ನೂ ಮುಕ್ಕಾಲುಪಾಲು ತೆಗೆದುಕೊಂಡು ಹೋಗಿತ್ತು. ಇದು ಮೇಲಿನವರಿಗೆ ತಿಳಿದರೆ ವೈದ್ಯಕೀಯ ಪರೀಕ್ಷೆ, ಆಮೇಲೆ 'ಅನರ್ಹ' ಎಂಬ ಮುದ್ರೆ, ಆಮೇಲೆ ಮನೆ. ಹೊಸ ಅಗ್ರಹಾರದಲ್ಲಿದ್ದ ನನ್ನ ತಾಯಿ, ಜೊತೆಯಲ್ಲಿದ್ದ ಹೆಂಡತಿ, ಎರಡು ಮಕ್ಕಳು, ಇಷ್ಟು ಜನರ ಅನ್ನ ನನ್ನ ಕಿವಿಗೆ ನೇತುಬಿದ್ದಿತ್ತು. ಕರೆದರೆ ಓಗೊಡುವುದಿಲ್ಲ ಎಂದು ಕಚೇರಿಯಲ್ಲಿ ನನ್ನನ್ನು ಗರ್ವಿ ಎನ್ನುತ್ತಿದ್ದರು. ಅನ್ನಲಿ ಎಂದು ಸುಮ್ಮನಿದ್ದೆ. ಗರ್ವಕ್ಕಾಗಿ ಯಾರ ಕೆಲಸವೂ ಹೋಗಿಲ್ಲ, ಕೆಲವರಿಗೆ ಬಡ್ತಿಯೇ ಸಿಕ್ಕಿದೆ.

ಕೊನೆಗೆ ಮೈಸೂರಿನ ಕಿವಿ ಡಾಕ್ಟರೊಬ್ಬರು ಒಂದು ಯಂತ್ರ ತರಿಸಿಕೊಟ್ಟರು. ಸಿಗರೇಟು ಪ್ಯಾಕಿನಷ್ಟು ಪೆಟ್ಟಿಗೆ ಅಂಗಿಯ ಜೇಬಿನಲ್ಲಿ, ಅಲ್ಲಿಂದ ಒಂದು ವೈರು ಎಡಗಿವಿಗೆ. ಮಾತನ್ನು ಹಿಡಿಯುವುದು ಪೆಟ್ಟಿಗೆ, ಕೇಳಿಸುವುದು ಕಿವಿಗೆ. ಹೆಂಡತಿಯ ಎರಡು ಬಳೆಗಳು ಹೀಗೆ ಯಂತ್ರವಾಗಿ ಮನೆಗೆ ವಾಪಸು ಬಂದವು.

ಸ್ಕೋರ್ ಎಷ್ಟು?

ಯಂತ್ರ ಹಾಕಿಕೊಂಡು ಕಚೇರಿಗೆ ಹೋದ ಮೊದಲ ದಿನ, ಅರ್ಧ ಗಂಟೆಯೊಳಗೆ, ನನಗೆ ಮೂರು ಅಡ್ಡಹೆಸರುಗಳಿವೆ ಎಂದು ತಿಳಿಯಿತು. ಮೂರನ್ನೂ ನನ್ನ ಎದುರಿಗೇ, ಎರಡು ಟೇಬಲ್ ಆಚೆ ಕೂತು, ವರ್ಷಗಟ್ಟಲೆ ಬಳಸುತ್ತಿದ್ದರು. ಬಳೆ ಮಾರಿ ಕೇಳಬೇಕಾದದ್ದು ಇದನ್ನೇ ಅನಿಸಿತು.

ಮಧ್ಯಾಹ್ನ ಹೆಡ್ ಕ್ಲಾರ್ಕ್ ಕಣ್ಣು ನನ್ನ ಕಿವಿಯ ವೈರಿನ ಮೇಲೆ ಬಿತ್ತು. ಇವತ್ತಿಗೆ ನನ್ನ ಅನ್ನದ ಋಣ ತೀರಿತು ಅಂದುಕೊಂಡೆ. ಅವರು ಹಿಂದೆ ಮುಂದೆ ನೋಡಿ, ನನ್ನ ಹತ್ತಿರ ಬಗ್ಗಿ, ಕಳ್ಳದನಿಯಲ್ಲಿ ಕೇಳಿದರು:

"ಸ್ಕೋರ್ ಎಷ್ಟು ಕಣ್ರೀ?"

ಊರಿಗೆ ಆಗಷ್ಟೇ ಟ್ರಾನ್ಸಿಸ್ಟರುಗಳು ಬಂದಿದ್ದವು. ಅವಕ್ಕೂ ಒಂಟಿ ಕಿವಿಗೆ ಸಿಕ್ಕಿಸಿಕೊಳ್ಳುವ ಇಂಥದ್ದೇ ವೈರು ಇರುತ್ತಿತ್ತು. ಅವತ್ತು ಎಲ್ಲೋ ಟೆಸ್ಟ್ ಮ್ಯಾಚು ನಡೆಯುತ್ತಿತ್ತು. ನಾನೋ ಜನ್ಮದಲ್ಲಿ ಕ್ರಿಕೆಟ್ ಕಂಡವನಲ್ಲ. ಆದರೂ ಆ ಒಂದು ಗಳಿಗೆಯಲ್ಲಿ ನನ್ನ ಬುದ್ಧಿ ಚುರುಕಾಗಿ ಕೆಲಸ ಮಾಡಿತು. ಕಚೇರಿ ಹೊತ್ತಿನಲ್ಲಿ ಕಾಮೆಂಟರಿ ಕೇಳುವವನು ಸೋಮಾರಿ. ಸೋಮಾರಿಯನ್ನು ಸರ್ಕಾರ ಸಾಕುತ್ತದೆ, ಕಿವುಡನನ್ನು ಸಾಕುವುದಿಲ್ಲ. "ಎರಡು ವಿಕೆಟ್‌ಗೆ ತೊಂಬತ್ತು" ಎಂದುಬಿಟ್ಟೆ.

ಅಲ್ಲಿಂದ ಮುಂದೆ ಮ್ಯಾಚು ನಡೆದಾಗಲೆಲ್ಲ ಗಂಟೆಗೊಮ್ಮೆ ಸ್ಕೋರು ಹುಟ್ಟಿಸುವುದು ನನ್ನ ಕರ್ತವ್ಯಗಳಲ್ಲಿ ಒಂದಾಯಿತು. ಮಾರನೆಯ ದಿನ ಮೈಸೂರಿನ ಬಸ್ಸಿನಲ್ಲಿ ಪೇಪರು ಬಂದಾಗ ಅದರಲ್ಲಿ ಬೇರೆಯೇ ಇರುತ್ತಿತ್ತು. ಮೊದಮೊದಲು ನನಗೆ ಜೀವ ಹೋದಂತಾಗುತ್ತಿತ್ತು. ಆಮೇಲೆ ಗಮನಿಸಿದೆ, ಪೇಪರಿನಲ್ಲಿ ನಮ್ಮವರು ಸೋಲುತ್ತಿದ್ದರು, ನನ್ನ ಸ್ಕೋರಿನಲ್ಲಿ ಯಾವಾಗಲೂ ಗೆಲ್ಲುತ್ತಿದ್ದರು. ಒಂದು ದಿನ ಜವಾನ ಇದನ್ನು ಎತ್ತಿ ಆಡಿದಾಗ ಹೆಡ್ ಕ್ಲಾರ್ಕೇ ಪೇಪರನ್ನು ಮಡಚಿ ಪಕ್ಕಕ್ಕಿಟ್ಟು ಹೇಳಿದರು: "ಪೇಪರ್‌ನೋರ್ಗೇನ್ ಗೊತ್ತು ಬುಡಲಾ."

ಆಫೀಸಿನ ನಾಟಕ

ಆ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಿಂದ ಲೈಸೆನ್ಸು ಪಡೆಯಬೇಕಿತ್ತು. ಲೈಸೆನ್ಸಿಲ್ಲದೆ ಕೇಳುವವರನ್ನು ಹಿಡಿಯಲು ಆಗಾಗ ಇನ್ಸ್‌ಪೆಕ್ಟರು ಬರುತ್ತಿದ್ದರು. ಹಾಗೆ ಬಂದವರೊಬ್ಬರು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತು ನನ್ನ ವೈರನ್ನು ನೋಡಿದರು.

ಇದು ರೇಡಿಯೊ ಅಲ್ಲ ಎಂದು ಬಾಯಿ ತೆಗೆಯುವಷ್ಟರಲ್ಲಿ ಇಡೀ ಕಚೇರಿ ನನ್ನ ಪರವಾಗಿ ಸಾಕ್ಷಿ ಹೇಳಿತು. ಭಾರೀ ಒಳ್ಳೆ ಸೆಟ್ಟು, ಪೇಪರಿಗಿಂತ ಮೊದಲೇ ಸ್ಕೋರು ಬರುತ್ತದೆ ಎಂದು ಹೆಡ್ ಕ್ಲಾರ್ಕು ಹೆಮ್ಮೆಯಿಂದ ಹೇಳಿದರು. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು. ಜೇಬಿನಿಂದ ಪೆಟ್ಟಿಗೆ ತೆಗೆದು ಮುಂದೆ ಹಿಡಿದೆ.

ಇನ್ಸ್‌ಪೆಕ್ಟರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಸ್ಟೇಷನ್ ತಿರುಗಿಸುವ ಮುಳ್ಳು ಎಲ್ಲಿ ಎಂದರು. ಇದಕ್ಕೆ ಒಂದೇ ಸ್ಟೇಷನ್ನು ಎಂದೆ. ಅನುಮಾನ ತೀರದೆ ವೈರನ್ನು ತಮ್ಮ ಕಿವಿಗೇ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು. ಆಗ ನಡೆದದ್ದನ್ನು ಜವಾನ ಆಮೇಲೆ ನಕ್ಕು ನಕ್ಕು ಹೇಳಿದ. ಆಚೆ ಟೇಬಲಿನಲ್ಲಿ ಇಬ್ಬರು ಹೋಟೆಲಿನ ಇಡ್ಲಿ ಚಿಕ್ಕದಾದ ಬಗ್ಗೆ ಮಾತಾಡುತ್ತಿದ್ದರು, ಜವಾನ ಆಕಳಿಸಿದ, ಹೊರಗೆ ಯಾರೋ ಸಾಹೇಬರು ಬಂದಿದ್ದಾರಾ ಎಂದು ವಿಚಾರಿಸಿದರು, ಇಲ್ಲ ನಾಳೆ ಬಾ ಎಂದು ಉತ್ತರ ಹೋಯಿತು.

ಇನ್ಸ್‌ಪೆಕ್ಟರು ಕಣ್ಣು ತೆರೆದು, ವೈರನ್ನು ನನ್ನ ಕಿವಿಗೆ ವಾಪಸು ಕೊಟ್ಟು, ತಲೆದೂಗಿದರು. "ಯಾವ್ದೋ ನಾಟಕ ಬರ್ತಾ ಇದೆ ಕಣ್ರೀ. ಆಫೀಸಿನ ಸೀನು. ಒಬ್ನೂ ಕೆಲ್ಸ ಮಾಡ್ತಾ ಇಲ್ಲ."

ಮಾರನೆಯ ದಿನವೇ ನನ್ನ ಹೆಸರಿಗೆ ಲೈಸೆನ್ಸು ಪುಸ್ತಕ ಬಂತು. ಎಲ್ಲರಿಗೂ ಹುಟ್ಟುತ್ತಲೇ ದೇವರು ಪುಕ್ಕಟೆ ಕೊಟ್ಟದ್ದಕ್ಕೆ ನಾನೊಬ್ಬನೇ ವರ್ಷಾವರ್ಷ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ರಸೀದಿ ಪಡೆದೆ.

ಜೇಬಿಗೆ ಹೇಳಿದ ಅಹವಾಲು

ಕಾಕನಕೋಟೆ ಕಡೆಯ ಕಾಡುಜನರ ಹಾಡಿಯಿಂದ ಒಬ್ಬ ಅಜ್ಜಿ ನಮ್ಮ ಕಚೇರಿಗೆ ಒಂದು ವರ್ಷದಿಂದ ಬರುತ್ತಿದ್ದಳು. ಆನೆ ಅವಳ ಗುಡಿಸಲಿನ ಗೋಡೆ ಕೆಡವಿತ್ತು. ಮತ್ತೆ ಕಟ್ಟಲು ಬಿದಿರು ಬೇಕು, ಬಿದಿರು ಕಡಿಯಲು ಪರ್ಮಿಟ್ಟು ಬೇಕು. ನಮ್ಮವರು ಅರಣ್ಯ ಇಲಾಖೆಯವರನ್ನು ಕೇಳು ಎನ್ನುತ್ತಿದ್ದರು, ಅವರು ನಮ್ಮಿಂದ ಕಾಗದ ತಾ ಎನ್ನುತ್ತಿದ್ದರು. ಒಂದೊಂದು ಟೇಬಲಿನ ಮುಂದೆಯೂ ಅವಳು ನಿಂತಿದ್ದಾಳೆ. ಎಲ್ಲರಿಗೂ ಎರಡೆರಡು ಒಳ್ಳೆಯ ಕಿವಿಗಳಿದ್ದವು, ಒಬ್ಬರಿಗೂ ಅವಳ ಮಾತು ಕೇಳಿಸಿರಲಿಲ್ಲ.

ಒಂದು ದಿನ ಅವಳು ನನ್ನ ಟೇಬಲಿಗೆ ಬಂದು ಪೆಟ್ಟಿಗೆಯನ್ನೂ ವೈರನ್ನೂ ಬಹಳ ಹೊತ್ತು ನೋಡಿದಳು. ಇದು ಎಲ್ಲಿಗೆ ಹೋಗುತ್ತದೆ ಎಂದು ಜವಾನನನ್ನು ಕೇಳಿದಳು. ಅವನು ತಮಾಷೆಗೆ, ಸೀದಾ ಬೆಂಗಳೂರಿಗೆ ಎಂದ. ಅಜ್ಜಿ ಸೆರಗು ಸರಿಮಾಡಿಕೊಂಡು, ಟೇಬಲಿನ ಮೇಲೆ ಬಗ್ಗಿ, ನನ್ನ ಜೇಬಿಗೆ ಬಾಯಿಟ್ಟು ಮೊದಲಿನಿಂದ ಶುರು ಮಾಡಿದಳು. ನನಗೆ ಮುಜುಗರವಾಗಿ, ನೆಟ್ಟಗೆ ನಿಂತು ಹೇಳಮ್ಮ, ನನಗೆ ಕೇಳುತ್ತದೆ ಎಂದೆ.

"ನಿಮ್ಗಲ್ಲ ಬುದ್ದಿ ನಾನ್ ಏಳ್ತಿರೋದು, ಮ್ಯಾಲಿರೋರ್ಗೆ" ಎಂದಳು. "ನೀವು ಸುಮ್ಕೆ ಕುಂತ್ಕಳಿ."

ನಾನು ಸುಮ್ಮನೆ ಕೂತೆ. ಪೆಟ್ಟಿಗೆಗೆ ಅಷ್ಟು ಹತ್ತಿರ ಬಂದು ಯಾರೂ ನನ್ನೊಡನೆ ಮಾತಾಡಿರಲಿಲ್ಲ. ಒಂದೊಂದು ಅಕ್ಷರವೂ ಗಂಟೆ ಬಾರಿಸಿದ ಹಾಗೆ ಕೇಳಿತು. ಆನೆ ಬಂದದ್ದು, ಮೊಮ್ಮಗಳನ್ನು ಎತ್ತಿಕೊಂಡು ಓಡಿದ್ದು, ವರ್ಷದಿಂದ ಗೋಡೆ ಇದ್ದ ಕಡೆ ಸೀರೆ ಕಟ್ಟಿಕೊಂಡು ಮಲಗುತ್ತಿರುವುದು. ನನ್ನ ಕಣ್ಣಲ್ಲಿ ನೀರು ಬಂತು, ಜೊತೆಗೆ ನಾಚಿಕೆಯೂ ಆಯಿತು. ಅವಳು ಹೇಳಿದ್ದನ್ನು ಹಾಗೆಯೇ ಬರೆದು, ಬೆನ್ನು ಹತ್ತಿ ಸಹಿ ಮಾಡಿಸಿ ಕಾಗದ ಕಳಿಸಿದೆ. ಹದಿನೈದು ದಿನದಲ್ಲಿ ಪರ್ಮಿಟ್ಟು ಬಂತು.

ಅಜ್ಜಿ ನನ್ನನ್ನು ಹೊಗಳಲಿಲ್ಲ, ಜೇಬನ್ನು ಹೊಗಳಿದಳು. ಆ ಜೇಬಿಗೆ ಹೇಳಿದರೆ ಕೆಲಸವಾಗುತ್ತದೆ ಎಂದು ಹಾಡಿಹಾಡಿಗೂ ಸುದ್ದಿಯಾಯಿತು. ಜನ ಸಾಲುಗಟ್ಟಿ ಬಂದರು. ಬಾಗಿಲಲ್ಲಿ ನಿಂತು ಜವಾನ ಕೂಗುತ್ತಿದ್ದ: "ಒಬ್ಬೊಬ್ರಾಗ್ ಮಾತಾಡ್ರಪ್ಪಾ, ಇರೋದು ಒಂದೇ ರೇಡಿಯೊ."

ಮೂಗರ್ಜಿ

ನನ್ನ ಟೇಬಲಿಗೆ ಜನ ಬಂದರೆ ಉಳಿದ ಟೇಬಲುಗಳು ಬಣಗುಡುತ್ತವೆ. ಬಣಗುಡುವ ಟೇಬಲಿನ ಕಷ್ಟ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಹೆಡ್ ಕ್ಲಾರ್ಕಿನ ಕಣ್ಣು ನನ್ನ ಮೇಲೆ ಬಿತ್ತು. ಒಂದು ದಿನ ಯಂತ್ರದ ಸೆಲ್ಲು ಮುಗಿದಿತ್ತು. ಅವರು ನನ್ನ ಬೆನ್ನ ಹಿಂದೆ ದಪ್ಪ ರಿಜಿಸ್ಟರೊಂದನ್ನು ನೆಲಕ್ಕೆ ಬೀಳಿಸಿ ನೋಡಿದರಂತೆ. ಕಚೇರಿಯೆಲ್ಲ ಬೆಚ್ಚಿಬಿತ್ತು, ನಾನು ಮಾತ್ರ ಬರೆಯುತ್ತಲೇ ಇದ್ದೆನಂತೆ. ಇದನ್ನು ಜವಾನ ಆಮೇಲೆ ನನಗೆ ಹೇಳಿದ.

ವಾರದೊಳಗೆ ಮೇಲಕ್ಕೆ ಒಂದು ಮೂಗರ್ಜಿ ಹೋಯಿತು. ಸದರಿ ಗುಮಾಸ್ತ ಕಿವುಡ, ಕಿವಿಗೆ ಯಂತ್ರ ಹಾಕಿಕೊಂಡು ಸರ್ಕಾರವನ್ನು ವಂಚಿಸುತ್ತಿದ್ದಾನೆ ಎಂದು. ಸಹಿ ಇರಲಿಲ್ಲ, ಆದರೆ ಆ ಕೈಬರಹದ ಕರಡುಗಳನ್ನೇ ನಾನು ದಿನಾ ನಕಲು ಮಾಡುತ್ತಿದ್ದೆ.

ವಿಚಾರಣೆಗೆ ಹುಣಸೂರಿನಿಂದ ಸಾಹೇಬರೊಬ್ಬರು ಬಂದರು. ಬಹಳ ಖಡಕ್ಕು ಎಂದು ಹೆಸರಾದವರು. ಯಾರೇ ಬಂದು ಏನೇ ಹೇಳಲಿ, "ಬಾಯಿಮಾತು ಬೇಡ, ಬರೆದು ಕೊಡಿ" ಎನ್ನುವವರು. ಬರೆಯಲು ಬಾರದವರು ಅವರ ಬಾಗಿಲಿಗೇ ಹೋಗುತ್ತಿರಲಿಲ್ಲ. ಅವತ್ತೂ ಅಷ್ಟೇ, ಪ್ರಶ್ನೆಗಳನ್ನು ಬರೆದು ಕೊಟ್ಟರು, ಉತ್ತರ ಬರೆದು ಕೊಡಲು ಹೇಳಿದರು. ನಾನು ಆ ಖಡಕ್ಕುತನಕ್ಕೆ ಕೈಮುಗಿದೆ. ಒಂದು ಪ್ರಶ್ನೆಯನ್ನೂ ಕಿವಿಯಿಂದ ಕೇಳಬೇಕಾಗಲಿಲ್ಲ.

ನಿಮ್ಮ ಜೇಬಿನಲ್ಲಿರುವುದು ಏನು ಎಂಬುದು ಕೊನೆಯ ಪ್ರಶ್ನೆ. ನಾನು ಲೈಸೆನ್ಸು ಪುಸ್ತಕವನ್ನು ಮೇಜಿನ ಮೇಲಿಟ್ಟು ಬರೆದೆ: ರೇಡಿಯೊ. ಸರ್ಕಾರದ ಮುದ್ರೆ ಇತ್ತು, ತಾರೀಖು ಇತ್ತು. ಹೆಡ್ ಕ್ಲಾರ್ಕಿನ ಮುಖ ಹುಳ್ಳಗಾಯಿತು. ಅದು ರೇಡಿಯೊ ಎಂದು ಇನ್ಸ್‌ಪೆಕ್ಟರ ಮುಂದೆ ಸಾಕ್ಷಿ ಹೇಳಿದವರು ಅವರೇ.

ಸಾಹೇಬರು ಪೆಟ್ಟಿಗೆಯನ್ನು ಎತ್ತಿಕೊಂಡು, ಒಮ್ಮೆ ವೈರನ್ನು ಕಿವಿಗಿಟ್ಟು, ನನ್ನನ್ನು ದಿಟ್ಟಿಸಿ ನೋಡಿದರು. ಆ ನೋಟ ಆಗ ನನಗೆ ಅರ್ಥವಾಗಲಿಲ್ಲ. ಆಮೇಲೆ ಆದೇಶ ಬರೆದರು. ಈ ಗುಮಾಸ್ತ ಕಿವುಡನಲ್ಲ, ಆದ್ದರಿಂದ ಕಾಯಂ ಮಾಡಬಹುದು. ಕಚೇರಿ ವೇಳೆಯಲ್ಲಿ ರೇಡಿಯೊ ಕೇಳಿದ ತಪ್ಪಿಗೆ ಒಂದು ವರ್ಷದ ಇನ್‌ಕ್ರಿಮೆಂಟು ಕಡಿತ. ರೇಡಿಯೊ ಒಂದು ವರ್ಷ ಹುಣಸೂರಿನ ಕಚೇರಿಯ ವಶದಲ್ಲಿರತಕ್ಕದ್ದು.

ಕೆಲಸ ಉಳಿಯಿತು. ಕಿವುಡನಲ್ಲ ಎಂದು ಸರ್ಕಾರ ತೀರ್ಪು ಕೊಟ್ಟ ದಿನದಿಂದ ನಾನು ಪೂರ್ತಿ ಕಿವುಡನಾದೆ.

ಬಾಯಿಮಾತೇ ಸಾಕು

ನಾಲ್ಕು ತಿಂಗಳು ಜನರ ತುಟಿ ನೋಡಿಕೊಂಡು ಕಾಲ ತಳ್ಳಿದೆ. ಹಾಡಿಯ ಜನ ಬಂದು ಖಾಲಿ ಜೇಬು ನೋಡಿ ವಾಪಸು ಹೋದರು. ಅಜ್ಜಿಯೂ ಒಮ್ಮೆ ಬಂದಿದ್ದಳು. ಪರ್ಮಿಟ್ಟು ಕೈಯಲ್ಲಿದ್ದರೂ ಕಾಡಿನ ಗಾರ್ಡು ಬಿದಿರು ಮುಟ್ಟಲು ಬಿಡುತ್ತಿರಲಿಲ್ಲವಂತೆ. ಪೆಟ್ಟಿಗೆ ಎಲ್ಲಿ ಎಂದು ಜವಾನನನ್ನು ಕೇಳಿ ತಿಳಿದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಇನ್ನು ತಡೆಯಲಾರೆ ಎನಿಸಿದಾಗ ನಾನು ರೇಡಿಯೊ ಹಿಂದಿರುಗಿಸಬೇಕೆಂದು ಒಂದು ಅರ್ಜಿ ಬರೆದುಕೊಂಡು ಹುಣಸೂರಿನ ಬಸ್ಸು ಹತ್ತಿದೆ. ಸಾಹೇಬರ ಬಾಗಿಲಲ್ಲಿದ್ದ ಜವಾನ ಹಳೆಯ ಪರಿಚಯದವನು. ನನ್ನ ಕೈಯಲ್ಲಿದ್ದ ಅರ್ಜಿ ನೋಡಿ ನಕ್ಕು, ನನ್ನ ಕಿವಿಯ ಹತ್ತಿರ ಬಂದು ಕೂಗಿದ:

"ಈಗ ಬರ್ದು ಕೊಡೋದೇನೂ ಬ್ಯಾಡ ಸಾ, ಬಾಯ್ಮಾತೇ ಸಾಕಂತೆ. ಸಾಯೇಬ್ರು ಬಲೇ ಒಳ್ಳೇರಾಗವ್ರೆ. ಯಾರ್ ಬಂದ್ರೂ ಕುಂಡ್ರಿಸ್ಕಂಡ್ ಕೇಳ್ತಾರೆ."

ಒಳಗೆ ಹೆಜ್ಜೆ ಇಟ್ಟವನು ಅಲ್ಲೇ ನಿಂತುಬಿಟ್ಟೆ. ಸಾಹೇಬರು ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದರು. ಜೇಬಿನಿಂದ ಹೊರಟ ವೈರು ಎಡಗಿವಿಗೆ ಹೋಗಿತ್ತು. ಮೇಜಿನ ಮೇಲೆ ಬಗ್ಗಿ, ಅವರ ಜೇಬಿಗೆ ಬಾಯಿಟ್ಟು, ಕಾಕನಕೋಟೆಯ ಅಜ್ಜಿ ದೂರು ಹೇಳುತ್ತಿದ್ದಳು, ಗಾರ್ಡಿನ ಮೇಲೇ ಇರಬೇಕು. ಸಾಹೇಬರು ತಲೆದೂಗುತ್ತ ಬರೆದುಕೊಳ್ಳುತ್ತಿದ್ದರು.

ಅಷ್ಟು ವರ್ಷ "ಬರೆದು ಕೊಡಿ" ಎಂದದ್ದು ಏಕೆಂದು ಅರ್ಥವಾಯಿತು. ಅವತ್ತಿನ ನೋಟವೂ ಅರ್ಥವಾಯಿತು. ಅವರಿಗೂ ಒಂದು ಕೆಲಸ ಇತ್ತು, ಅದು ಹೋಗಬಾರದಿತ್ತು.

ಅಜ್ಜಿ ಎದ್ದು ಹೋದಳು. ಸಾಹೇಬರು ನನ್ನನ್ನು ನೋಡಿದರು. ನನ್ನ ಹೆಂಡತಿಯ ಎರಡು ಬಳೆಗಳು ಅವರ ಕಿವಿಯಿಂದ ನೇತಾಡುತ್ತಿದ್ದವು. ಆದರೆ ಹೇಳುವುದೇನು? ಅದು ಕಿವಿಯ ಯಂತ್ರ ಎಂದರೆ ನಾನು ಕಿವುಡ, ಕಾಯಂ ಆದ ಕೆಲಸ ಹೋಯಿತು. ಅದು ಕಿವಿಯ ಯಂತ್ರ ಎಂದು ಅವರು ಒಪ್ಪಿದರೆ ಅವರೂ ಕಿವುಡರು, ಅವರದೂ ಹೋಯಿತು. ಅದು ರೇಡಿಯೊ ಎಂಬ ಒಂದು ಸುಳ್ಳಿನ ಮೇಲೆ ಎರಡು ಸಂಸಾರಗಳು ಉಣ್ಣುತ್ತಿದ್ದವು.

ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅವರ ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಕೇಳಿದೆ:

"ಸ್ಕೋರ್ ಎಷ್ಟು ಸಾರ್?"

ಸಾಹೇಬರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ತುಟಿ ನಡುಗುತ್ತಿತ್ತು, ಓದಲಾಗಲಿಲ್ಲ. ಎದ್ದು ನಿಂತು, ನನ್ನ ಭುಜದ ಮೇಲೆ ಕೈಯಿಟ್ಟು, ಬಹಳ ಹೊತ್ತು ಏನೇನೋ ಹೇಳಿದರು. ಕ್ಷಮೆ ಕೇಳಿದರೋ, ಬೈದರೋ, ನಿಜವಾಗಿಯೂ ಸ್ಕೋರನ್ನೇ ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಕಿವಿ ಅವರ ಜೇಬಿನಲ್ಲಿತ್ತು.