ಮಗ್ಗದ ಶೆಡ್ಡಿನಲ್ಲಿ ಬಿಳಿಯಾದ ಕಾರು

ಗುಳೇದಗುಡ್ಡದ ನೂಲು ತಪಾಸಣಾ ಕಚೇರಿಗೆ ಬಾಡಿಗೆಗೆ ಓಡುವ ಕಾರು ಬಿಳಿ ಬಣ್ಣದ್ದೇ ಆಗಿರತಕ್ಕದ್ದು. ನಮ್ಮದು ಕೆಂಪಗಿತ್ತು. ಸೋಮವಾರದೊಳಗೆ ಬಿಳಿಯಾಗದಿದ್ದರೆ ನನ್ನ ಗಂಡ ವೀರೇಶನಿಗೆ ಸಿಕ್ಕ ಕೆಲಸ ಓಣಿಯ ನವೀದನ ಪಾಲಾಗುತ್ತಿತ್ತು. ನವೀದನ ಕಾರು ಹುಟ್ಟಾ ಬಿಳಿ. ಅದರಲ್ಲಿ ಅವನ ಶ್ರಮವೇನೂ ಇರಲಿಲ್ಲ.

ಗ್ಯಾರೇಜಿನವರು ಎಂಟು ದಿನ ಕೇಳಿದರು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಮನೆಯಲ್ಲಿ ಹತ್ತನೇ ತರಗತಿ ಪಾಸಾದವಳು ನಾನೊಬ್ಬಳೇ ಆದ್ದರಿಂದ ಮುಖ್ಯ ಪೇಂಟರ್ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ. ಬೇರೆ ಅರ್ಜಿಗಳು ಬಂದಿರಲಿಲ್ಲ.

ಹೊಸಬರು ಹಳೆಯ ಬಣ್ಣ ಉಜ್ಜದೆ ಕೆಲಸ ಕೆಡಿಸುತ್ತಾರಂತೆ. ತೊಟ್ಟಿಲಲ್ಲಿದ್ದ ಮಗಳು ಎದ್ದು ಅಳುವಷ್ಟರಲ್ಲಿ ಒಂದು ಬಾಗಿಲು ಉಜ್ಜಿದ್ದೆ. ಉಳಿದ ಮೂರು ಬಾಗಿಲುಗಳು ಅದನ್ನು ನೋಡಿ ತಿಳಿದುಕೊಳ್ಳತಕ್ಕದ್ದೆಂದು ತೀರ್ಮಾನಿಸಲಾಯಿತು. ಸ್ಪ್ರೇ ಗನ್ನನ್ನು ಒಂದು ಗೇಣು ದೂರ ಹಿಡಿಯಬೇಕು. ನಾನು ರಂಗೋಲಿ ಹಾಕುವಷ್ಟು ಹತ್ತಿರ ಹಿಡಿದೆ. ಬಣ್ಣ ಅಂಬಲಿಯಂತೆ ಇಳಿಯಿತು.

ಬಯಲಲ್ಲಿ ಧೂಳು ಕೂರುತ್ತದೆ, ಒಳಗೇ ಹೊಡೆಯಿರಿ ಎಂಬ ನಿಯಮವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ. ನಮ್ಮಲ್ಲಿ ಕಾರು ಹಿಡಿಸುವ ಒಳಗೆಂದರೆ ಮಗ್ಗದ ಶೆಡ್ಡು. ಅಲ್ಲಿ ಮೂರು ಮಗ್ಗಗಳು ಕುಪ್ಪಸದ ಖಣ ನೇಯುತ್ತಿದ್ದವು.

"ಅತ್ತಿ, ಇವತ್ತೊಂದಿನ ಮಗ್ಗ ನಿಲ್ಲಸ್ರಿ," ಎಂದೆ.

ಅತ್ತೆ ಶಿವಲಿಂಗವ್ವ ತಲೆ ಎತ್ತಲಿಲ್ಲ. "ಹಾಸಿನ ನೂಲು ಮುಗಿಯೂತನಕ ಮಗ್ಗ ನಿಲ್ಲೂದಿಲ್ಲ. ನಿಮ್ಮ ಮಾವ ಹೋದಾಗ ಒಮ್ಮಿ ನಿಂತಿತ್ತು. ನಿನ್ನ ಕಾರೇನು ಅವರಕಿಂತ ದೊಡ್ಡದನ?"

ಸಂಜೆಯ ಹೊತ್ತಿಗೆ ಶೆಡ್ಡಿನಲ್ಲಿ ಹಾರಾಡುವ ನೂಲಿನ ಎಳೆಗಳೆಲ್ಲ ಹಸಿ ಬಣ್ಣದ ಮೇಲೆ ಕೂತು ಒಣಗಿದ್ದವು. ಕಾರಿಗೆ ತೆಳ್ಳಗೆ ಕೂದಲು ಬಂದಿತ್ತು.

ವೀರೇಶ ಬಾನೆಟ್ ಸವರಿದ. "ಇದಕ್ಕ ಪೆಟ್ರೋಲ್ ಹಾಕಬೇಕೋ, ಮೇವು ಹಾಕಬೇಕೋ?"

"ಬಿಳಿ ಐತೋ ಇಲ್ಲೋ, ಅಷ್ಟ ಹೇಳ್ರಿ."

ಸೋಮವಾರ ಕಚೇರಿಯ ಅಂಗಳದಲ್ಲಿ ತಪಾಸಣಾಧಿಕಾರಿ ಚಂದ್ರಶೇಖರಪ್ಪನವರು ಎಳೆ ಎಣಿಸುವ ಭೂತಗನ್ನಡಿಯನ್ನು ನಮ್ಮ ಕಾರಿನ ಮೇಲಿಟ್ಟರು. ಇಂಚಿಗೆ ಎಷ್ಟು ಎಳೆ ಎಂದು ಎಣಿಸಿದರು. ಒದ್ದೆ ಕರವಸ್ತ್ರದಿಂದ ತಿಕ್ಕಿದರು. ಅವರ ಕಣ್ಣು ತುಂಬಿ ಬಂತು.

"ಇಷ್ಟು ವರ್ಷದಾಗ ನಮ್ಮ ಇಲಾಖೆಗೆ ಸಂಬಂಧಪಟ್ಟ ಕಾರು ಇದ ಮೊದಲು ನೋಡ್ರಿ," ಎಂದವರೇ ವರದಿ ಬರೆದರು. ಒಡಲು: ಬಿಳಿ. ಎಳೆ: ಕೆಂಪು, ಹಸಿರು, ಹಳದಿ. ಬಣ್ಣ: ಬಿಡುವುದಿಲ್ಲ.

ಕೆಲಸ ವೀರೇಶನಿಗೆ ಖಾಯಂ ಆಯಿತು. ಇನ್ನೊಂದು ಕಾರಿಗೂ ಜಾಗವಿದ್ದೀತೆಂದು ಕಾದಿದ್ದ ನವೀದ ತನ್ನ ಕಾರನ್ನು ಮುಂದೆ ತಂದ. ಭೂತಗನ್ನಡಿ ಅವನ ಬಾನೆಟ್ ಮೇಲೆ ಸುಮ್ಮನೆ ಜಾರಿತು.

"ಎಳಿನ ಇಲ್ಲಲ್ಲಪಾ."

"ಸಾಹೇಬ್ರ, ಇದು ಕಾರ್ ರೀ!"

"ಕಾರು ಅಂತ ನನಗೂ ಕಾಣ್ತೈತಿ. ಫಾರ್ಮಿನಾಗ ಎಳಿ ಕಾಲಂ ಖಾಲಿ ಬಿಡೂಹಂಗಿಲ್ಲ."

ವಾರದೊಳಗೆ ಪ್ರಕಟಣೆ ಹೊರಟಿತು: ಕಚೇರಿಗೆ ಅರ್ಜಿ ಹಾಕುವ ಎಲ್ಲ ವಾಹನಗಳಿಗೆ ಓಡುತ್ತಿರುವ ಮಗ್ಗದ ಮುಂದೆಯೇ ಬಣ್ಣ ಹೊಡೆಸತಕ್ಕದ್ದು. ಮರುದಿನ ಬೆಳಿಗ್ಗೆ ನವೀದ ನಮ್ಮ ಶೆಡ್ಡಿನ ಮುಂದೆ ನಿಂತಿದ್ದ.

"ವೈನಿ, ನನ್ನ ಕಾರು ಭಾಳ ನುಣ್ಣಗ ಐತ್ರಿ. ಏನರ ಮಾಡ್ರಿ."

"ಯಾವ ಬಣ್ಣದ ಎಳಿ ಬೇಕು?"

"ಸಾಹೇಬ್ರಿಗೆ ಹಸಿರು ಸೇರ್ತೈತಂತ್ರಿ."

ಅವನ ಹಿಂದೆ ಕಮತಗಿಯ ಎರಡು ಜೀಪುಗಳು, ಒಂದು ಹಾಲಿನ ಗಾಡಿ ಸರದಿಯಲ್ಲಿದ್ದವು. ಹಾಲಿನ ಗಾಡಿಯವನಿಗೆ ಯಾವ ಕಚೇರಿಯ ಗೊಡವೆಯೂ ಇರಲಿಲ್ಲ. ಎಲ್ಲರೂ ಮಾಡಿಸುತ್ತಿದ್ದಾರೆ, ತನ್ನದು ಬೋಳಾಗಿದ್ದರೆ ಚೆಂದವಲ್ಲ ಎಂದು ಬಂದಿದ್ದ.